ಗೆಳೆಯನ ಹೆಸರಿನ ಅತಿಥಿ

ಪರದೇಶ ಸಂಚಾರಕ್ಕೆ ಹೊರಟವನು ತನ್ನ ಗೆಳೆಯನ ಹುಟ್ಟೂರಿನ ಸಮೀಪದಿಂದ ಹಾದುಹೋಗುವ ಪ್ರಸಂಗ ಒದಗಿದರೆ, ಆ ಗೆಳೆಯನ ಮನೆಯವರನ್ನು ಕಂಡು ಮಾತನಾಡಿಸಿ ಬರುವುದು ಎಲ್ಲ ನಾಡುಗಳಲ್ಲಿಯೂ ಇರುವ ವಾಡಿಕೆ. ಗೆಳೆಯನು ಆಗ ಮನೆಯಲ್ಲಿದ್ದರೆ ವಿಚಾರ ಮಾಡಬೇಕಾದುದು ಹೆಚ್ಚೇನೂ ಇಲ್ಲ. ಆದರೆ ಅನೇಕ ವೇಳೆ ಅವನು ಅಲ್ಲಿರುವುದಿಲ್ಲ; ನಮ್ಮ ಊರಿನಲ್ಲಿ ದುಡಿಯುತ್ತಿರುತ್ತಾನೆ. ನಾವು ಅವನ ಊರಿನಲ್ಲಿರುತ್ತೇವೆ. ಇಲ್ಲದವನೊಬ್ಬನ ಹೆಸರನ್ನು ಹೇಳಿಕೊಂಡು ಅವನ ತಂದೆತಾಯಿಗಳ ಜಗಲಿಯನ್ನೇರುವ ಈ ಮನುಷ್ಯನು ಯಾರು? ಅತಿಥಿಯೇ, ದೂತನೇ, ಅಥವಾ ಸಾಕ್ಷಿಯೇ? ಅವನಿಗೆ ಅಲ್ಲಿ ಸಲ್ಲುವ ಮರ್ಯಾದೆ ಯಾರಿಗೆ ಸೇರಿದ್ದು? ಎಲ್ಲಕ್ಕಿಂತ ಮಿಗಿಲಾಗಿ, ಆ ತಾಯಿಯು "ನನ್ನ ಮಗ ಹೇಗಿದ್ದಾನೆ?" ಎಂದು ಕೇಳಿದಾಗ ಅವನು ಹೇಳಬೇಕಾದುದೇನು?

ಪ್ರಶ್ನೆಯು ಸಣ್ಣದೆಂದು ತೋರಬಹುದು. ಕಾಸರಗೋಡಿನ ನಮ್ಮ ಶಾಲೆಗಳ ಮಕ್ಕಳಿಗಂತೂ ಇದು ಸಣ್ಣದಲ್ಲ. ಗಲ್ಫ್ ದೇಶಗಳಿಂದ ರಜೆಯಲ್ಲಿ ಬಂದವರು ಜತೆಯಲ್ಲಿ ದುಡಿಯುವ ಗೆಳೆಯನ ಮನೆಯನ್ನು ಹುಡುಕಿಕೊಂಡು ಬಂದು, ಒಂದು ಪೊಟ್ಟಣವನ್ನು ಕೊಟ್ಟು, ಚಹಾ ಕುಡಿದು, "ಅವನು ಸುಖವಾಗಿದ್ದಾನೆ" ಎಂದು ಹೇಳಿ ಹೋಗುವುದನ್ನು ನಮ್ಮ ಎಷ್ಟೋ ವಿದ್ಯಾರ್ಥಿಗಳು ಬಾಗಿಲ ಮರೆಯಲ್ಲಿ ನಿಂತು ಕೇಳಿದವರೇ ಆಗಿದ್ದಾರೆ. ಆ ಒಂದು ಮಾತಿನ ತೂಕವೆಷ್ಟೆಂಬುದು ಅವರಿಗೆ ತಿಳಿದಿದೆ.

ನಮ್ಮ ಹಿರಿಯರು ‘ಅತಿಥಿ ಅಭ್ಯಾಗತರು’ ಎಂದು ಜೋಡಿಯಾಗಿ ಹೇಳುತ್ತಿದ್ದರು. ತಿಥಿವಾರಗಳ ಸೂಚನೆಯಿಲ್ಲದೆ ಬಂದ ಅಪರಿಚಿತನು ಅತಿಥಿ. ಗುರುತಿನ ಬಲದಿಂದ ಬಂದವನು ಅಭ್ಯಾಗತ. ಅಪರಿಚಿತನಿಗೆ ಅನ್ನವಿಟ್ಟರೆ ಅದು ಗೃಹಸ್ಥನ ಧರ್ಮ, ಅದರ ಪುಣ್ಯವೂ ಅವನದೇ. ಉಂಡವನು ಹರಸಿ ಹೊರಟುಹೋಗಬಹುದು. ಅಭ್ಯಾಗತನ ಸ್ಥಿತಿ ಬೇರೆ. ಅವನು ಇನ್ನೊಬ್ಬರ ಪ್ರೀತಿಯನ್ನು ಈಡಾಗಿಟ್ಟು ಒಳಗೆ ಬಂದವನು. ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1795ರಲ್ಲಿ ಪ್ರಕಟಿಸಿದ ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ ಇಂಥದೇ ಒಂದು ಭೇದವನ್ನು ಮಾಡಿದ್ದಾನೆ. ಪರದೇಶಕ್ಕೆ ಹೋದವನಿಗೆ ಶತ್ರುವಿನಂತೆ ಕಾಣಲ್ಪಡದಿರುವ ಹಕ್ಕು ಉಂಟು. ಅದು ಸಂದರ್ಶನದ ಹಕ್ಕು. ಒಂದು ಮನೆಯಲ್ಲಿ ತಂಗಿ ಮನೆಯವನಂತೆ ಇರುವ ಹಕ್ಕು ಮಾತ್ರ ಅವನಿಗೆ ತಾನಾಗಿ ಬರುವುದಿಲ್ಲ. ಅದಕ್ಕೆ ವಿಶೇಷವಾದ ಸ್ನೇಹದ ಒಡಂಬಡಿಕೆ ಬೇಕು. ತನ್ನ ಊರಾದ ಕೋನಿಗ್ಸ್‌ಬರ್ಗನ್ನು ಬಿಟ್ಟು ಹೆಚ್ಚು ದೂರ ಹೋಗದ ಈ ಮನುಷ್ಯನು ಪ್ರವಾಸಿಯ ಹಕ್ಕುಗಳನ್ನು ಇಷ್ಟು ನಿಖರವಾಗಿ ಅಳೆದುದು ಸೋಜಿಗವೇ ಸರಿ. ಆದರೆ ಆ ಒಡಂಬಡಿಕೆಯನ್ನು ಮಾಡಿಕೊಂಡವನು ಗೆಳೆಯ, ನೆರವೇರಿಸುವವರು ಅವನ ಮನೆಯವರು, ಅನುಭವಿಸುವವನು ಮೂರನೆಯವನು ಎಂದಾದರೆ ಋಣವು ಯಾರ ಲೆಕ್ಕಕ್ಕೆ ಸೇರುವುದೆಂಬುದನ್ನು ಅವನು ಅಲ್ಲಿ ವಿಚಾರಿಸಲಿಲ್ಲ.

ನಮ್ಮ ಕರಾವಳಿಯನ್ನೂ ಮಂಗಳೂರನ್ನೂ ಕಂಡುಹೋದ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನ ವೃತ್ತಾಂತದಲ್ಲಿ ಈ ಬಗೆಯ ಎರಡು ಪ್ರಸಂಗಗಳಿವೆ. 1326ರಲ್ಲಿ ಅಲೆಕ್ಸಾಂಡ್ರಿಯಾ ಪಟ್ಟಣದ ಸಾಧುವೊಬ್ಬನು ಅವನಿಗೆ, ಸಿಂಧ್‌ನಲ್ಲಿ ಒಬ್ಬ, ಹಿಂದೂಸ್ಥಾನದಲ್ಲಿ ಒಬ್ಬ, ಚೀನದಲ್ಲಿ ಒಬ್ಬ ಹೀಗೆ ತನ್ನ ಮೂವರು ಸಹೋದರರಿರುವರೆಂದೂ, ಅವರನ್ನು ಕಂಡಾಗ ತನ್ನ ವಂದನೆಯನ್ನು ತಿಳಿಸಬೇಕೆಂದೂ ಹೇಳಿದನಂತೆ. ಅಲ್ಲಿಯವರೆಗೆ ಅಷ್ಟು ದೂರ ಹೋಗುವ ವಿಚಾರವೇ ಇಲ್ಲದಿದ್ದ ಬತೂತನು ಮುಂದೆ ಆ ಮೂವರನ್ನೂ ಕಂಡು ವಂದನೆಯನ್ನು ಒಪ್ಪಿಸಿದನು. ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ಚೀನದಲ್ಲಿ ಅವನಿಗೆ ತನ್ನ ದೇಶದ ಕಡೆಯವನೇ ಆದ ಒಬ್ಬ ಶ್ರೀಮಂತನ ಸ್ನೇಹ ದೊರೆಯಿತು. ಕೆಲವು ವರ್ಷಗಳ ತರುವಾಯ, ಸಹಾರಾ ಮರುಭೂಮಿಯನ್ನು ದಾಟಲು ಹೊರಟಾಗ, ಅದರ ಅಂಚಿನ ಸಿಜಿಲ್ಮಾಸಾ ಪಟ್ಟಣದಲ್ಲಿ ಅವನು ಇಳಿದುಕೊಂಡದ್ದು ಆ ಶ್ರೀಮಂತನ ಸಹೋದರನ ಮನೆಯಲ್ಲಿ. ಒಬ್ಬ ಸಹೋದರ ಚೀನದಲ್ಲಿ, ಇನ್ನೊಬ್ಬ ಮರಳುಗಾಡಿನ ಅಂಚಿನಲ್ಲಿ; ಇಬ್ಬರ ಮುಖವನ್ನೂ ಕಂಡವನು ಈ ದಾರಿಹೋಕ ಮಾತ್ರ. ಆದರೂ ಗ್ರಂಥದಲ್ಲಿ ಅವನು ಈ ಮನೆಯ ವಿಷಯವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ, ಒಂಟೆಗಳ ಮಾತಿಗೆ ಹೊರಳುತ್ತಾನೆ. ಆ ಸಹೋದರನ ಪಾಲಿಗೆ ಬತೂತನ ದೇಶಾಟನೆಯಲ್ಲೆಲ್ಲ ಬೆಲೆಯುಳ್ಳ ಭಾಗ ಅದೊಂದೇ ಇದ್ದಿರಬೇಕೆಂದು ನಮಗೆ ತೋರುತ್ತದೆ.

ಇಂದು ಇಂತಹ ಮನೆಗಳು ಅತಿ ಹೆಚ್ಚಾಗಿರುವ ದೇಶಗಳಲ್ಲಿ ನಮ್ಮ ನೆರೆಯ ನೇಪಾಳವೂ ಒಂದು. 2021ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 2 ಕೋಟಿ 91 ಲಕ್ಷ. ಅದರ ಹೊರಗೆ, ಪರದೇಶದಲ್ಲಿರುವವರೆಂದು ಬರೆಸಿಕೊಂಡವರು 21 ಲಕ್ಷಕ್ಕೂ ಹೆಚ್ಚು. ಅವರು ಕಳುಹಿಸುವ ಹಣವು ಈಚಿನ ವರ್ಷಗಳಲ್ಲಿ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮನಾಗಿದೆ. 1950ರ ಭಾರತ-ನೇಪಾಳ ಒಪ್ಪಂದದ ಮೇರೆಗೆ ಎರಡು ದೇಶಗಳ ಜನರೂ ಗಡಿಯನ್ನು ದಾಟಿ ವಾಸಮಾಡಬಹುದು, ದುಡಿಯಬಹುದು. ಹೊರದೇಶಕ್ಕೆ ದುಡಿಯಹೋದವನನ್ನು ನೇಪಾಳಿಗಳು ‘ಲಾಹುರೇ’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಾಹೋರಿಗೆ ಹೋಗಿ ರಣಜಿತ್ ಸಿಂಹನ ಸೈನ್ಯವನ್ನು ಸೇರಿದವರಿಂದ ಬಂದ ಹೆಸರಿದು. ಈಗ ಲಾಹೋರಿಗೆ ಯಾರೂ ದುಡಿಯಲು ಹೋಗುವುದಿಲ್ಲ, ಹೆಸರು ಮಾತ್ರ ಉಳಿದಿದೆ.

ಆ ನಾಡಿನ ಅತ್ಯಂತ ಜನಪ್ರಿಯ ಕಾವ್ಯವೂ ಇಂತಹ ಒಂದು ಮನೆಯ ಕಥೆಯೇ. ಮಹಾಕವಿ ಲಕ್ಷ್ಮೀಪ್ರಸಾದ ದೇವಕೋಟಾ (1909-1959) ಬರೆದು 1936ರಲ್ಲಿ ಪ್ರಕಟವಾದ ‘ಮುನಾ ಮದನ’ದಲ್ಲಿ ಮದನನು ಹೆಂಡತಿ ಮುನಾಳನ್ನೂ ಮುದಿತಾಯಿಯನ್ನೂ ಬಿಟ್ಟು ಹಣ ಗಳಿಸಲು ಲ್ಹಾಸಾ ಪಟ್ಟಣಕ್ಕೆ ಹೋಗುತ್ತಾನೆ. ಹಿಂದಿರುಗುವ ದಾರಿಯಲ್ಲಿ ಕಾಯಿಲೆ ಬೀಳುತ್ತಾನೆ. ಜತೆಗಾರರು ಕೈಬಿಟ್ಟು ಹೋಗುತ್ತಾರೆ. ಒಬ್ಬ ಭೋಟಿಯನು ಅವನನ್ನು ತನ್ನ ಮನೆಗೆ ಒಯ್ದು ಶುಶ್ರೂಷೆ ಮಾಡುತ್ತಾನೆ. ಇತ್ತ ಮುನಾಳ ಮೇಲೆ ಕಣ್ಣಿಟ್ಟ ದುಷ್ಟನೊಬ್ಬನು ಮದನನು ಸತ್ತನೆಂದು ಸುಳ್ಳು ಕಾಗದವನ್ನು ಕಳುಹಿಸುತ್ತಾನೆ. ಮದನನು ಚೇತರಿಸಿಕೊಂಡು ಮನೆಯನ್ನು ಸೇರುವ ಹೊತ್ತಿಗೆ ಮುನಾ ಇಲ್ಲ. ಲ್ಹಾಸಾದ ದಾರಿಯಲ್ಲಿ ರೋಗವು ಕೊಲ್ಲಲಾರದೆ ಹೋಯಿತು. ಊರಿನಲ್ಲಿ ಒಂದು ಸುಳ್ಳು ಸುದ್ದಿ ಕೊಂದಿತು. ದೂರದಲ್ಲಿರುವವನ ಬಗೆಗೆ ಮನೆಗೆ ಮುಟ್ಟುವ ಮಾತಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಓದುಬರಹವಿಲ್ಲದ ನೇಪಾಳಿಯೂ ಈ ಕಥೆಯ ಮೂಲಕ ಬಲ್ಲನು.

ನಮ್ಮ ಶಾಲೆಯ ಸಮೀಪದ ಒಂದು ಹೋಟೆಲಿನಲ್ಲಿ ನೇಪಾಳದ ತರುಣನೊಬ್ಬನು ಹತ್ತು ವರ್ಷಗಳಿಂದ ಪರೋಟ ಬಡಿಯುವ ಕೆಲಸದಲ್ಲಿದ್ದಾನೆ. ಬೆಳಗಿನ ನಾಲ್ಕು ಗಂಟೆಗೆ ಹಿಟ್ಟು ಕಲಸತೊಡಗುತ್ತಾನೆ. ಬಸ್ಸಿನ ಫಲಕಗಳನ್ನು ಓದುವ ಆಸೆಯಿಂದ ಸಂಜೆ ಬಿಡುವಿದ್ದಾಗ ನಮ್ಮ ಬಳಿಗೆ ಬಂದು ಒಂದನೆಯ ತರಗತಿಯ ಪುಸ್ತಕದಿಂದ ಕನ್ನಡ ಅಕ್ಷರಗಳನ್ನು ಕಲಿತನು. ಹೀಗೆ ಬೆಳೆದ ಸ್ನೇಹ. ಒಂದು ಬೇಸಗೆಯ ರಜೆಯಲ್ಲಿ ನಾವು ಮೂವರು ಶಿಕ್ಷಕರು ಲುಂಬಿನಿಯನ್ನೂ ಪೊಖರಾವನ್ನೂ ನೋಡಲು ಹೊರಟಾಗ, ದಾರಿಯ ಸ್ಯಾಂಗ್ಜಾ ಜಿಲ್ಲೆಯಲ್ಲಿ ತನ್ನ ಮನೆಯಿದೆ, ಹೋಗಿಬರಲೇಬೇಕು ಎಂದು ಹಟಹಿಡಿದನು. ಹೊರಡುವ ಹಿಂದಿನ ದಿನ ಬಂದು ತಲೆತಗ್ಗಿಸಿ ಇನ್ನೊಂದು ಮಾತು ಹೇಳಿದನು. "ಮಾಸ್ಟರೇ, ನಾನು ಹೋಟೆಲಿನ ಮ್ಯಾನೇಜರು ಎಂದು ಮನೆಯಲ್ಲಿ ಹೇಳಿದ್ದೇನೆ. ನೀವೂ ಹಾಗೆಯೇ ಹೇಳಿಬಿಡಿ."

ಸುಳ್ಳು ಹೇಳಲಾರೆವು, ನಿನ್ನ ಗುಟ್ಟನ್ನು ಬಿಟ್ಟುಕೊಡಲೂ ಆರೆವು ಎಂದು ನಾವು ಉತ್ತರಕೊಟ್ಟೆವು. ಈ ಎರಡು ಮಾತುಗಳು ಒಂದೇ ಜಗಲಿಯ ಮೇಲೆ ಹೇಗೆ ಕೂಡಿ ಕುಳಿತಾವೆಂಬ ಚಿಂತೆಯು ಗೋರಖಪುರದವರೆಗೂ ರೈಲಿನಲ್ಲಿ ನಮ್ಮ ಜತೆಗೇ ಬಂದಿತು. ಕಾಂಟನು 1797ರಲ್ಲಿ ಬರೆದ ಇನ್ನೊಂದು ಲೇಖನದ ಪ್ರಕಾರ, ಗೆಳೆಯನನ್ನು ಕೊಲ್ಲಲು ಬಂದವನಿಗೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ. ಅಷ್ಟು ಕಠೋರವಾದ ಮತವನ್ನು ಒಪ್ಪುವವರು ವಿರಳ. ಆದರೆ ಇಲ್ಲಿ ಕೇಳುವವಳು ಕೊಲೆಗಾರನಲ್ಲ, ತಾಯಿ. ಪ್ರೀತಿಯಿಂದ ಕೇಳುವವರಿಗೆ ಸುಳ್ಳು ಹೇಳುವುದು ದ್ವೇಷದಿಂದ ಕೇಳುವವರಿಗೆ ಹೇಳುವುದಕ್ಕಿಂತ ಹಗುರವೆಂದು ಲೋಕವು ಏಕೆ ಭಾವಿಸಿದೆಯೋ ತಿಳಿಯದು.

ಸುನೌಲಿಯಲ್ಲಿ ಗಡಿಯನ್ನು ದಾಟಿ, ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿ, ಲುಂಬಿನಿಯ ದರ್ಶನವನ್ನು ಮುಗಿಸಿ, ಬುಟವಲ್ ಪಟ್ಟಣದಿಂದ ಬೆಟ್ಟವನ್ನೇರುವ ಬಸ್ಸನ್ನು ಹಿಡಿದೆವು. ಇಳಿದಲ್ಲಿಂದ ಒಂದು ಗಂಟೆಯ ಏರುದಾರಿ. ಮೆಟ್ಟಿಲು ಮೆಟ್ಟಿಲಾದ ಹೊಲಗಳಲ್ಲಿ ಜೋಳದ ಸಸಿಗಳು ಮೇಲೆದ್ದಿದ್ದವು. ಕೆಮ್ಮಣ್ಣು ಬಳಿದ ಸಣ್ಣ ಮನೆ. ಜಗಲಿಯ ಮೇಲೆ ಹುಲ್ಲುಚಾಪೆ. "ಪಾಹುನಾ ಬಂದರು" ಎಂಬ ಕೂಗು ನಮಗಿಂತ ಮೊದಲೇ ಮನೆಯನ್ನು ತಲುಪಿತ್ತು. ಸಂಸ್ಕೃತದ ಪ್ರಾಘುಣ ಶಬ್ದವೇ ಅಲ್ಲಿ ಪಾಹುನಾ, ಮರಾಠಿಯಲ್ಲಿ ಪಾಹುಣಾ; ನೆಂಟನಿಗೆ ಇಡುವ ಹೆಸರಿನಲ್ಲಿ ದೇಶಗಳು ಅಷ್ಟೇನೂ ದೂರವಿಲ್ಲ. ತಾಯಿ ನಮ್ಮ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಮಗನ ಕೈಯನ್ನು ಮುಟ್ಟಿದ ಕೈಗಳೆಂಬುದಲ್ಲದೆ ನಮ್ಮ ಕೈಗಳಿಗೆ ಬೇರೆ ಯಾವ ಗುಣವೂ ಅಲ್ಲಿ ಬೇಕಾಗಿರಲಿಲ್ಲ.

ಊಟಕ್ಕೆ ಕುಳಿತಾಗ ನಮಗೆ ಅನ್ನವನ್ನು ಬಡಿಸಿದರು. ಮನೆಯವರು ‘ಢಿಂಡೋ’ ಎಂಬ ಹಿಟ್ಟನ್ನು ಒಣಸೊಪ್ಪಿನ ಸಾರಿನೊಡನೆ ಉಂಡರು. ಅಲ್ಲಿನ ‘ಕೋದೋ’ ನಮ್ಮ ರಾಗಿಯೇ. ಢಿಂಡೋ ಎಂಬುದು ಮೈಸೂರು ಸೀಮೆಯ ಮುದ್ದೆಯ ಸೋದರ. ಬೆಟ್ಟದ ಊರುಗಳಲ್ಲಿ ಅಕ್ಕಿ ದುಬಾರಿ, ಆದಕಾರಣ ಅದು ಮರ್ಯಾದೆಯ ಆಹಾರ. ನಮ್ಮಲ್ಲೊಬ್ಬರು ತಮಗೂ ಢಿಂಡೋ ಸಾಕೆಂದು ಮೆಲ್ಲನೆ ಹೇಳಿದಾಗ ತಾಯಿಯ ಮುಖವು ಬಾಡಿತು. ಬಡವರ ಮನೆಯ ಔತಣವನ್ನು ಕರುಣೆಯಿಂದ ನಿರಾಕರಿಸುವುದು ಉದಾರವಾಗಿ ಕಾಣುತ್ತದೆ. ಆದರೆ ಆ ಅನ್ನವು ನಮಗಾಗಿ ಬೇಯಿಸಿದ್ದಾಗಿರಲಿಲ್ಲ. ಅಲ್ಲಿಲ್ಲದ ಮಗನಿಗಾಗಿ ಬೇಯಿಸಿದ್ದು ನಮ್ಮ ತಟ್ಟೆಗೆ ಬಿದ್ದಿತ್ತು. ಇನ್ನೊಬ್ಬನಿಗೆ ಸೇರಿದ್ದನ್ನು ಬೇಡವೆನ್ನಲು ನಾವು ಯಾರು? ಉಂಡೆವು. ಹೊರಡುವಾಗ ಮೊಮ್ಮಗುವಿನ ಕೈಯಲ್ಲಿ ಏನಾದರೂ ಇಡುವ ಪದ್ಧತಿ ಅವರಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ; ಲೆಕ್ಕ ಹಾಕುವವರಿಗೆ ಆ ದಾರಿಯೊಂದು ತೆರೆದಿರುತ್ತದೆ.

ತಾಯಿ ಕೇಳಿದ ಪ್ರಶ್ನೆಗಳು ನಾವು ಹೆದರಿದ್ದ ಪ್ರಶ್ನೆಗಳಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ, ಜ್ವರ ಬಂದರೆ ಯಾರು ನೋಡುತ್ತಾರೆ, ರಾತ್ರಿ ಒಬ್ಬನೇ ಮಲಗುತ್ತಾನೆಯೇ, ನಗುತ್ತಾನೆಯೇ. ತಂದೆಯವರು ಇವನ್ನು ಹಿಂದಿಯಲ್ಲಿ ತಿಳಿಸಿದರು. ನಾವು ಇದ್ದುದನ್ನು ಇದ್ದಂತೆ ಹೇಳಿದೆವು: ಇತರರಿಗೆ ಬಡಿಸಿದ ಮೇಲೆ ಉಣ್ಣುತ್ತಾನೆ, ಹೊತ್ತು ತಪ್ಪುತ್ತದೆ, ಕಳೆದ ಮಳೆಗಾಲದಲ್ಲಿ ಜ್ವರ ಬಂದಿತ್ತು, ನಾವೇ ವೈದ್ಯರ ಬಳಿಗೆ ಕರೆದೊಯ್ದೆವು, ಒಂದೇ ಕೋಣೆಯಲ್ಲಿ ಆರು ಮಂದಿ, ನಗುತ್ತಾನೆ, ಆದರೆ ಹಬ್ಬದ ದಿನಗಳಲ್ಲಿ ಮಾತು ಕಡಿಮೆ. ತಾಯಿ ಅತ್ತಳು. ಅತ್ತ ಮೇಲೆ ಇನ್ನಷ್ಟು ಹೇಳಿರೆಂದಳು.

ಇಲ್ಲಿ ಸುಂದರಕಾಂಡವು ನಮ್ಮ ನೆನಪಿಗೆ ಬರುತ್ತದೆ. ಅಶೋಕವನದಲ್ಲಿ ಸೀತೆಯನ್ನು ಕಂಡ ಹನುಮಂತನು ರಾಮನು ಕುಶಲಿ ಎಂದು ಮೊದಲು ಹೇಳುತ್ತಾನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಸೀತೆಗೆ ಸಮಾಧಾನವಾಗುತ್ತಿತ್ತೇ? ತನ್ನನ್ನು ಮರೆತು ಸುಖವಾಗಿದ್ದಾನೆಂಬ ಅರ್ಥವೂ ಅದರಲ್ಲಿ ಅಡಗಿರಬಹುದಲ್ಲವೇ? ರಾಮನು ನಿದ್ರೆಗೆಟ್ಟು ಅವಳನ್ನೇ ನೆನೆದು ಕೊರಗುತ್ತಿರುವುದನ್ನೂ ಅವನು ಮರೆಮಾಚಲಿಲ್ಲ. ಅದನ್ನು ಕೇಳಿ ಅವಳಿಗೆ ಹರ್ಷವೂ ಸಂಕಟವೂ ಒಟ್ಟಿಗೇ ಆದವು. ‘ಸುಖವಾಗಿದ್ದಾನೆ’ ಎಂಬ ಒಂದೇ ಮಾತನ್ನು ಎಸೆದು ಹೋಗುವ ದೂತನು ಕೇಳುವವರ ದುಃಖವನ್ನು ಉಳಿಸಿದೆನೆಂದುಕೊಳ್ಳುತ್ತಾನೆ. ನಿಜವಾಗಿ ಅವನು ಉಳಿಸಿಕೊಳ್ಳುವುದು ತನ್ನ ಶ್ರಮವನ್ನು. ಅಗಲಿದವರಿಗೆ ಬೇಕಾದುದು ಒಳ್ಳೆಯ ಸುದ್ದಿಯಲ್ಲ, ಅವನ ಸುದ್ದಿ.

ಹಾಗಾದರೆ ‘ಮ್ಯಾನೇಜರು’ ಎಂಬ ಮಾತು? ಸಂಜೆ ಜಗಲಿಯಲ್ಲಿ ನಮ್ಮೊಡನೆ ಕುಳಿತಿದ್ದಾಗ ತಂದೆಯವರು ತಾವಾಗಿಯೇ ಆ ವಿಷಯದ ಅಂಚಿಗೆ ಬಂದರು. "ನಾನೂ ಇಪ್ಪತ್ತು ವರ್ಷ ಬೊಂಬಾಯಿಯಲ್ಲಿ ಆಫೀಸಿನಲ್ಲಿದ್ದೆ ಸಾರ್" ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಫೀಸಿನ ಗೇಟಿನಲ್ಲಿ" ಎಂದು ನಕ್ಕರು. ಮಗನ ಉದ್ಯೋಗವನ್ನು ಅವರು ಕೇಳಲೇ ಇಲ್ಲ. ಕೇಳಿದ್ದರೆ ನಾವು "ಅದನ್ನು ಅವನ ಬಾಯಿಯಿಂದಲೇ ಕೇಳಿರಿ" ಎಂದು ಹೇಳುವವರಿದ್ದೆವು. ಮೌನವೂ ಒಂದು ಉತ್ತರವೇ, ಹಾಗೆಂದೊಡನೆ ಗುಟ್ಟು ಅರ್ಧ ಬಯಲಾದಂತೆಯೇ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಆದರೂ ಬಾಗಿಲನ್ನು ಮುಚ್ಚಿ ನಿಲ್ಲುವುದಕ್ಕೂ ಬಾಗಿಲೇ ಇಲ್ಲವೆಂದು ಗೋಡೆಗೆ ಸುಣ್ಣ ಬಳಿಯುವುದಕ್ಕೂ ಭೇದವಿದೆ. ಮೊದಲನೆಯದರಲ್ಲಿ ಮಗನು ಎಂದಾದರೊಂದು ದಿನ ತಾನೇ ಬಾಗಿಲು ತೆರೆಯಬಹುದು. ಎರಡನೆಯದನ್ನು ನಾವು ಮಾಡಿದ್ದರೆ, ಅವನ ಸುಳ್ಳಿಗೆ ಶಾಲೆಯ ಮಾಸ್ಟರರ ಸಾಕ್ಷ್ಯವೂ ಸೇರಿ, ಅವನು ಬಯಸಿದರೂ ತೆರೆಯಲಾಗದಂತೆ ಆಗುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ತಂದೆಯವರು ಚಹಾ ಸುರಿಯುವಾಗ ಅದು ಲೋಟದ ಹೊರಗೆ ಬೀಳುತ್ತಿದ್ದುದನ್ನೂ, ಕುಳಿತುಕೊಳ್ಳುವ ಮುನ್ನ ಜಗಲಿಯ ಅಂಚನ್ನು ಕೈಯಿಂದ ತಡವುತ್ತಿದ್ದುದನ್ನೂ ನಾವು ನೋಡಿದ್ದೆವು. ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದಿತ್ತು. ಮರುದಿನ ಬೆಳಿಗ್ಗೆ, ನಮ್ಮ ಹಣೆಗೆ ಮೊಸರಕ್ಷತೆಯ ಟೀಕಾ ಇಟ್ಟು ಮಗನಿಗೆಂದು ‘ಗುಂದ್ರುಕ್’ ಎಂಬ ಹುಳಿಬರಿಸಿದ ಒಣಸೊಪ್ಪಿನ ಗಂಟನ್ನು ತರುವಾಗ ತಾಯಿ ಹೇಳಿದಳು: ಇವರ ಕಣ್ಣಿನ ವಿಷಯವನ್ನು ಅವನಿಗೆ ಹೇಳಬೇಡಿ, ಅಲ್ಲಿ ಚಿಂತೆ ಮಾಡುತ್ತಾನೆ.

ಮಗನು ತನ್ನ ಕಷ್ಟವನ್ನು ತಾಯಿಯಿಂದ ಮುಚ್ಚಿಡಬೇಕೆಂದಿದ್ದನು. ಈಗ ತಾಯಿಯು ಮನೆಯ ಕಷ್ಟವನ್ನು ಮಗನಿಂದ ಮುಚ್ಚಿಡಬೇಕೆನ್ನುತ್ತಾಳೆ. ಎರಡೂ ಪ್ರೀತಿಯಿಂದ ಹುಟ್ಟಿದವು. ಮೇಲುನೋಟಕ್ಕೆ ಎರಡೂ ಒಂದೇ. ನಮ್ಮ ಅಭಿಪ್ರಾಯದಲ್ಲಿ ಒಂದೇ ಅಲ್ಲ. ಮಗನು ಮ್ಯಾನೇಜರನಲ್ಲವೆಂದು ತಿಳಿದು ತಾಯಿ ಮಾಡಬಹುದಾದುದು ಏನೂ ಇಲ್ಲ. ತಂದೆಯ ಕಣ್ಣು ಹೋಗುತ್ತಿದೆಯೆಂದು ತಿಳಿದರೆ ಮಗನು ಮಾಡಬಹುದಾದುದು ಇದೆ. ಕಣ್ಣಿನ ಪೊರೆ ವಿಧಿಯಲ್ಲ, ಚಿಕಿತ್ಸೆಯಿರುವ ದೋಷ. ನೇಪಾಳದವರೇ ಆದ ಡಾಕ್ಟರ್ ಸಂದುಕ್ ರುಯಿತ್ ಅವರು ಕಾಠ್ಮಂಡುವಿನಲ್ಲಿ 1994ರಲ್ಲಿ ಆರಂಭವಾದ ತಿಲಗಂಗಾ ಸಂಸ್ಥೆಯ ಮೂಲಕ ಕಡಿಮೆ ಬೆಲೆಯ ಕೃತಕ ಮಸೂರವನ್ನು ತಯಾರಿಸುವಂತೆ ಮಾಡಿ, ಬೆಟ್ಟದ ಹಳ್ಳಿಗಳ ಸಾವಿರಾರು ಜನರಿಗೆ ದೃಷ್ಟಿಯನ್ನು ಮರಳಿ ತಂದವರು. 2006ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ನಾವು ಹಾದುಬಂದ ಭೈರಹವಾದಲ್ಲಿಯೂ ದೊಡ್ಡ ಕಣ್ಣಾಸ್ಪತ್ರೆಯಿದೆ. ಉತ್ತರ ಹಿಂದೂಸ್ಥಾನದಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ. ಮನೆಯಿಂದ ಒಂದು ದಿನದ ದಾರಿ. ಕರೆದೊಯ್ಯುವ ಒಬ್ಬ ಮನುಷ್ಯನು ಬೇಕು, ಅಷ್ಟೇ. ಅಂಥ ಸಂಗತಿಯನ್ನು ಮಗನಿಂದ ಬಚ್ಚಿಟ್ಟರೆ ಅವನ ಚಿಂತೆಯನ್ನಲ್ಲ, ಅವನ ಕರ್ತವ್ಯವನ್ನೇ ಕದ್ದಂತಾಗುವುದು.

ಆದರೆ ಹೇಳುವುದಿಲ್ಲವೆಂದು ಒಪ್ಪಿ, ಊರಿಗೆ ಬಂದು ಹೇಳುವುದು ತಾಯಿಗೆ ಮಾಡುವ ವಂಚನೆ. ಆದಕಾರಣ ಅಲ್ಲಿಯೇ, ಆ ಗಂಟನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, ತಂದೆಯವರ ಮೂಲಕವಲ್ಲದೆ ಶಾಲೆಗೆ ಹೋಗುವ ನೆರೆಮನೆಯ ಹುಡುಗಿಯ ಮೂಲಕ ತಾಯಿಗೆ ತಿಳಿಸಿದೆವು: "ಅಮ್ಮಾ, ಇದೊಂದನ್ನು ನಾವು ಮುಚ್ಚಿಡಲಾರೆವು. ಅವನಿಗೆ ಹೇಳುತ್ತೇವೆ." ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಮಾತು ಮುರಿಯಿತೆಂದೇ ನಾವು ತಿಳಿದೆವು. ಕೊನೆಗೆ ಒಳಗೆ ಹೋಗಿ, ಗಂಟಿಗೆ ಇನ್ನೊಂದು ಹಿಡಿ ಸೊಪ್ಪನ್ನು ಸೇರಿಸಿ ಕಟ್ಟಿ ತಂದುಕೊಟ್ಟಳು. ಅದನ್ನು ಒಪ್ಪಿಗೆಯೆಂದು ಎಣಿಸಬಹುದೇ ಎಂದು ನಮ್ಮಲ್ಲಿ ಮೂವರಿಗೆ ಮೂರು ಅಭಿಪ್ರಾಯಗಳಿವೆ.

ಊರಿಗೆ ಹಿಂದಿರುಗಿದ ಸಂಜೆ ಹೋಟೆಲಿನ ಹಿಂಬದಿಯಲ್ಲಿ ಗೆಳೆಯನನ್ನು ಕಂಡು ಎಲ್ಲವನ್ನೂ ಹೇಳಿದೆವು. ಅವನು ಹಿಟ್ಟಿನ ಕೈಗಳನ್ನು ತೊಳೆದುಕೊಂಡು ಬಂದು ಗಂಟನ್ನು ಬಿಚ್ಚಿ ಮೂಸಿನೋಡಿದನು.

"ಹೇಳಬೇಡಿ ಎಂದು ಅಮ್ಮ ಹೇಳಿರಬೇಕಲ್ಲ ಮಾಸ್ಟರೇ?"

"ಹೇಳಿದರು. ಹೇಳಿಯೇ ತೀರುತ್ತೇವೆಂದು ನಾವೂ ಹೇಳಿಬಂದೆವು."

ಅವನು ತಲೆಯಾಡಿಸಿದನು. ರಜೆ ಕೇಳಲು ಯಜಮಾನರ ಬಳಿಗೆ ಹೊರಟವನು ಬಾಗಿಲಲ್ಲಿ ತಿರುಗಿ ನಿಂತು ಕೇಳಿದನು: "ನನ್ನ ಕೆಲಸದ ವಿಷಯ?"

"ಯಾರೂ ಕೇಳಲಿಲ್ಲ" ಎಂದೆವು.